ಖಾಲಿ ಗಾಡಿಯ ಚರಿತ್ರೆ: ಹಿಂದೂಪುರ–ಕಲ್ಯಾಣದುರ್ಗ ಸೀಮೆಯ ಸಾಗಣೆ ಮತ್ತು ಮರುಬಳಕೆ

ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡುತ್ತೇನೆ. ನನಗಿಂತ ಮೊದಲು ಮಾತನಾಡಿದವರು ಲಾಜಿಸ್ಟಿಕ್ಸ್ ಕಂಪನಿಗಳು ಚಕ್ರೀಯ ಆರ್ಥಿಕತೆಗೆ ಹೇಗೆ ನೆರವಾಗಬಹುದು ಅನ್ನೋದನ್ನ ಮುಂದಿನ ಹತ್ತು ವರ್ಷದ ಲೆಕ್ಕದಲ್ಲಿ ವಿವರಿಸಿದರು. ನಾನು ಇತಿಹಾಸದ ವಿದ್ಯಾರ್ಥಿ, ನನ್ನ ಲೆಕ್ಕ ಹಿಂದಕ್ಕೆ ಹೋಗುತ್ತದೆ. ಚಕ್ರೀಯ ಆರ್ಥಿಕತೆ ಅನ್ನುವ ಹೆಸರು ಹೊಸದು. ಅದರ ತಿರುಳು ಇಷ್ಟೇ: ಒಬ್ಬರು ಬಳಸಿ ಬಿಟ್ಟದ್ದು ತಿಪ್ಪೆಗೆ ಹೋಗದೆ ಇನ್ನೊಬ್ಬರ ಕಚ್ಚಾ ಸರಕಾಗಬೇಕು. ಈ ಕೆಲಸ ನಮ್ಮ ಬಯಲುಸೀಮೆಯಲ್ಲಿ ಮೊದಲಿಂದ ನಡೆದಿದೆ ಅಂತ ಹೆಮ್ಮೆಪಡುವ ಭಾಷಣಗಳು ಬೇಕಾದಷ್ಟಿವೆ. ನನಗೆ ಆ ಹೆಮ್ಮೆಗಿಂತ ಒಂದು ಪ್ರಶ್ನೆ ಮುಖ್ಯ ಅನಿಸುತ್ತದೆ. ಬಳಸಿ ಬಿಟ್ಟದ್ದನ್ನು ವಾಪಸ್ ಹೊತ್ತವರು ಯಾರು? ಆ ಹೊರೆಗೆ ಬಾಡಿಗೆ ಕೊಟ್ಟವರು ಯಾರು?

ಲಾರಿಯವರ ಮಾತಿನಲ್ಲಿ ಇದಕ್ಕೆ 'ರಿಟರ್ನ್ ಲೋಡ್' ಅಂತಾರೆ. ಹೋಗುವಾಗ ಸರಕು ಇದ್ದೇ ಇರುತ್ತದೆ, ಬರುವಾಗ ಏನು? ಖಾಲಿ ಬಂದರೂ ಡೀಸೆಲ್ ಉರಿಯುತ್ತೆ, ಡ್ರೈವರ್ ಬತ್ತೆ ಕೊಡಬೇಕು. ನನ್ನ ವಾದ ಏನು ಅಂದರೆ, ಈ ಸೀಮೆಯಲ್ಲಿ ಒಂದು ವಸ್ತು ಸುತ್ತಿ ಬಂತೋ ಇಲ್ಲವೋ ಅನ್ನೋದನ್ನ ನಿರ್ಧರಿಸಿದ್ದು ಆ ವಸ್ತುವಿನ ಗುಣವಾಗಲಿ ಜನರ ಮಿತವ್ಯಯವಾಗಲಿ ಅಲ್ಲ, ವಾಪಸ್ ಬರುವ ಗಾಡಿಯ ಬಾಡಿಗೆ. ಅದಕ್ಕೇ ಖಾಲಿ ಗಾಡಿಯ ಚರಿತ್ರೆ ಅಂತ ಹೆಸರಿಟ್ಟೆ.

ಸೀಮೆಯ ಬಗ್ಗೆ ಎರಡು ಮಾತು. ಹಿಂದೂಪುರ ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. 2022ರ ಏಪ್ರಿಲ್‌ವರೆಗೆ ಎರಡೂ ಒಂದೇ ಜಿಲ್ಲೆ. ಅನಂತಪುರವೂ 1882ರವರೆಗೆ ಬಳ್ಳಾರಿ ಜಿಲ್ಲೆಯ ಭಾಗವೇ ಆಗಿತ್ತು. ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ನೆಟ್ಟಗೆ ಹೊರಟರೆ ನಡುವೆ ಕರ್ನಾಟಕದ ಪಾವಗಡ ಸಿಗುತ್ತದೆ. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ತಾಲ್ಲೂಕು ಅದು. ಅಂದರೆ ಒಂದೇ ಪ್ರಯಾಣದಲ್ಲಿ ರಾಜ್ಯದ ಗಡಿ ಎರಡು ಸಲ ದಾಟಬೇಕು. ಮನೆಯಲ್ಲಿ ಕನ್ನಡ, ಮಂಡಿಯಲ್ಲಿ ತೆಲುಗು, ಕೆಲವರ ಮನೆಯಲ್ಲಿ ಅದೇ ತಿರುಗಮುರುಗ. ವರ್ಷಕ್ಕೆ ಸರಾಸರಿ 550 ಮಿ.ಮೀ. ಆಸುಪಾಸಿನ ಮಳೆ. ಇಂಥ ಕಡೆ ಯಾವುದನ್ನೂ ಸುಮ್ಮನೆ ಬಿಸಾಡೋಕೆ ಆಗ್ತಿರಲಿಲ್ಲ ಅನ್ನೋದು ನಿಜ. ಆದರೆ ಬರೀ ಬಡತನ ವಸ್ತುವನ್ನು ಐವತ್ತು ಮೈಲಿ ವಾಪಸ್ ಹೊತ್ತು ತರುವುದಿಲ್ಲ.

ಹೇರೆತ್ತಿನ ಕಾಲದಿಂದ ಶುರು ಮಾಡೋಣ. ಅಯ್ಯಾವೊಳೆ ಐನೂರ್ವರ ಶಾಸನಗಳನ್ನು ಓದಿದವರಿಗೆ 'ಹೇರು' ಅನ್ನುವ ಪದ ಗೊತ್ತು. ಒಂದು ಎತ್ತು ಹೊರುವಷ್ಟು ಹೊರೆ. ಸುಂಕದ ಲೆಕ್ಕವೂ ಹೇರಿನ ಮೇಲೆ, ದೇವಸ್ಥಾನಕ್ಕೆ ಬಿಟ್ಟ ದತ್ತಿಯ ಲೆಕ್ಕವೂ ಹೇರಿನ ಮೇಲೆ. ಅವರದ್ದು ನಮ್ಮ ನಾಡಿನ ದೊಡ್ಡ ಸಾಗಣೆ ಕಂಪನಿ ಅಂದರೆ ತಪ್ಪಾಗಲಾರದು. ಆಮೇಲೆ ಆ ಜಾಗಕ್ಕೆ ಬಂದವರು ಲಂಬಾಣಿಗಳು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಪೇಟೆಯಿಂದ ಪೇಟೆಗೆ ಸರಕು ಎತ್ತಿನ ಬೆನ್ನ ಮೇಲೆ ಓಡಾಡುವುದನ್ನು ವಿವರವಾಗಿ ಬರೆದಿದ್ದಾನೆ. ಲಂಬಾಣಿಗಳ ವ್ಯಾಪಾರದ ಜೀವ ಇದ್ದದ್ದು ಎರಡೂ ಕಡೆಯ ಹೊರೆಯಲ್ಲಿ: ಒಳನಾಡಿನ ಧಾನ್ಯ ಕರಾವಳಿಯ ಕಡೆಗೆ, ಕರಾವಳಿಯ ಉಪ್ಪು ಒಳನಾಡಿಗೆ. ಕಂಟಲೆ ಖಾಲಿ ಇಟ್ಟುಕೊಂಡು ಎತ್ತನ್ನು ನಡೆಸಿದರೆ ಅದಕ್ಕೆ ಹುಲ್ಲು ನೀರಿನ ಖರ್ಚೂ ಹುಟ್ಟುವುದಿಲ್ಲ. ಎತ್ತು ದಾರಿಯಲ್ಲಿ ಹಾಕಿದ ಸಗಣಿ ದಾರಿ ಬದಿಯ ಹೊಲಕ್ಕೆ, ವಯಸ್ಸಾದ ಎತ್ತು ಚರ್ಮವಾಗಿ ಬಾವಿಯ ಕಪಿಲೆಗೆ. ವಾಹನವೇ ಕೊನೆಗೆ ಸರಕಾಗುವ ವ್ಯವಸ್ಥೆ ಅದು.

ಇದನ್ನು ಚಂದದ ಚಿತ್ರ ಮಾಡಿ ಗೋಡೆಗೆ ತೂಗುಹಾಕುವುದು ಬೇಡ. 1876ರಿಂದ 78ರವರೆಗಿನ ಬರ, ನಮ್ಮ ಹಿರಿಯರು ಧಾತು ಸಂವತ್ಸರದ ಬರ ಅನ್ನುತ್ತಿದ್ದದ್ದು, ಈ ವ್ಯವಸ್ಥೆ ಎಷ್ಟು ದುರ್ಬಲ ಅನ್ನೋದನ್ನ ತೋರಿಸಿಬಿಟ್ಟಿತು. ಮದ್ರಾಸಿನಿಂದ ರಾಯಚೂರಿಗೆ ಹೋಗುವ ರೈಲು ದಾರಿ 1871ರ ಹೊತ್ತಿಗೆ ಗುತ್ತಿಯ ಮೇಲೆ ಹಾದುಹೋಗಿತ್ತು. ಧಾನ್ಯ ಸ್ಟೇಷನ್ನಿನವರೆಗೆ ಬರುತ್ತಿತ್ತು. ಅಲ್ಲಿಂದ ಒಳಗೆ ಹೊರಬೇಕಾದ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ಅದೇ ವರ್ಷಗಳಲ್ಲಿ ಮದ್ರಾಸಿನಿಂದ ಹೊರದೇಶಕ್ಕೆ ಹೋದ ಚರ್ಮದ ರಫ್ತು ಏರಿತು. ಊರೊಳಗೆ ಕಪಿಲೆಯಾಗಿ ಸುತ್ತಬೇಕಾದ ತೊಗಲು ಹಡಗು ಹತ್ತಿತು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅನ್ನೋದು ನನ್ನ ಕೋರಿಕೆ: ಹೊರಗೆ ಹೋಗುವ ದಾರಿ ತೆರೆದಿತ್ತು, ಒಳಗೆ ಬರುವ ದಾರಿ ಮುಚ್ಚಿತ್ತು.

ಆ ಬರದ ನಂತರವೇ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು, 1882ರಲ್ಲಿ, ಬರ ನಿವಾರಣೆ ಅನ್ನುವ ಕಾರಣ ಮುಂದಿಟ್ಟುಕೊಂಡು. 1890ರ ದಶಕದ ಆರಂಭದಲ್ಲಿ ಗುಂತಕಲ್ಲಿನಿಂದ ಧರ್ಮಾವರ, ಹಿಂದೂಪುರದ ಮೇಲೆ ಬೆಂಗಳೂರಿಗೆ ಮೀಟರ್ ಗೇಜ್ ಹಳಿ ಬಿತ್ತು. ಹಿಂದೂಪುರ ಬೆಲ್ಲ, ಹುಣಸೆ, ಮೆಣಸಿನಕಾಯಿಯ ಮಂಡಿಯಾಗಿ ಬೆಳೆದದ್ದರಲ್ಲಿ ಈ ಹಳಿಯ ಪಾಲು ದೊಡ್ಡದು. ಕಲ್ಯಾಣದುರ್ಗಕ್ಕೆ ಹಳಿ ಬರಲಿಲ್ಲ. ಅನಂತಪುರ ಸುಮಾರು 60 ಕಿಲೋಮೀಟರ್. 20ನೇ ಶತಮಾನದ ಆರಂಭದಲ್ಲಿ ಬಳ್ಳಾರಿಯಿಂದ ರಾಯದುರ್ಗಕ್ಕೆ ರೈಲು ಬಂದಾಗ ಆ ಕಡೆ ಸ್ವಲ್ಪ ಹತ್ತಿರವಾಯಿತು, ಅಷ್ಟೇ. ಒಂದೇ ಜಿಲ್ಲೆ, ಒಂದೇ ಮಳೆ, ಒಂದು ಊರಿಗೆ ರೈಲು ಉಂಟು, ಇನ್ನೊಂದಕ್ಕೆ ಇಲ್ಲ. ಇತಿಹಾಸ ಓದುವವರಿಗೆ ಇಂಥ ಜೋಡಿ ಅಪರೂಪಕ್ಕೆ ಸಿಗುತ್ತದೆ.

ರೈಲು ಏನು ಮಾಡಿತು? ಒಂದು ಕಡೆಯ ಬಾಡಿಗೆಯನ್ನು ಇಳಿಸಿತು. ಬರದಲ್ಲಿ ಅಕ್ಕಿ ತಂದು ಜನರನ್ನು ಉಳಿಸುವ ಶಕ್ತಿ ಅದಕ್ಕಿತ್ತು, ಅದನ್ನು ಅಲ್ಲಗಳೆಯಲಾರೆ. ಆದರೆ ನಿತ್ಯದ ದಿನಗಳಲ್ಲಿ ಅದು ಹೊಲದ ಸಾರವನ್ನು ದೂರಕ್ಕೆ ಒಯ್ಯುವ ಕೊಳವೆಯೂ ಆಯಿತು. ಬ್ರಿಟಿಷ್ ಸರ್ಕಾರ 1889ರಲ್ಲಿ ಕರೆಸಿಕೊಂಡ ಕೃಷಿ ರಸಾಯನಶಾಸ್ತ್ರಜ್ಞ ಜಾನ್ ಆಗಸ್ಟಸ್ ವೋಲ್ಕರ್ 1893ರಲ್ಲಿ ತನ್ನ ವರದಿ ಕೊಟ್ಟ. ಎಣ್ಣೆಕಾಳು, ಮೂಳೆ ದೇಶ ಬಿಟ್ಟು ಹೋದರೆ ನೆಲದ ಫಲವತ್ತು ಅದರ ಜೊತೆ ಹೋಗುತ್ತದೆ ಅನ್ನುವ ಆತಂಕ ಆ ವರದಿಯಲ್ಲಿದೆ. ಹಿಂದೂಪುರಕ್ಕೆ ರೈಲು ಬಂದ ಹೊತ್ತೂ ಅದೇ.

ಕಲ್ಯಾಣದುರ್ಗದ ಕಡೆಯ ಕಡಲೆಕಾಯಿಯನ್ನು ತೆಗೆದುಕೊಳ್ಳಿ. ಊರ ಗಾಣದಲ್ಲಿ ಆಡಿಸಿದಾಗ ಎಣ್ಣೆ ಮನೆಗೆ, ಹಿಂಡಿ ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಹೊಲಕ್ಕೆ. ಬಳ್ಳಿ ದನಕ್ಕೆ ಮೇವು, ಸಿಪ್ಪೆ ಒಲೆಗೆ, ಬೂದಿ ತಿಪ್ಪೆಗೆ. ಇಡೀ ಸುತ್ತಿಗೆ ಎತ್ತಿನ ಗಾಡಿಯೂ ಬೇಡ, ತಲೆಹೊರೆ ಸಾಕು. ಮಿಲ್ಲು ಬಂದ ಮೇಲೆ ಕಾಯಿ ಊರು ಬಿಟ್ಟಿತು. ಹಿಂಡಿ ಮಿಲ್ಲಿನಲ್ಲಿ ಉಳಿಯಿತು, ಅದನ್ನು ಕೊಳ್ಳುವವರು ನಗರದ ಡೈರಿಯವರು, ಪಶು ಆಹಾರದವರು, ರಫ್ತಿನವರು. ಸಿಪ್ಪೆ ಬಾಯ್ಲರಿಗೆ, ಇಟ್ಟಿಗೆ ಗೂಡಿಗೆ. ಅನಂತಪುರ ದೇಶದಲ್ಲೇ ಅತಿ ಹೆಚ್ಚು ಕಡಲೆಕಾಯಿ ಬಿತ್ತುವ ಜಿಲ್ಲೆಗಳ ಸಾಲಿಗೆ ಸೇರಿದ್ದು 20ನೇ ಶತಮಾನದಲ್ಲಿ, ಮತ್ತು ಪ್ರತಿ ವರ್ಷ ಕಾಯಿ ಹೊತ್ತು ಹೋದ ಗಾಡಿಯಲ್ಲಿ ಹಿಂಡಿ ತಿರುಗಿ ಬರಲಿಲ್ಲ. ಕಡಲೆಕಾಯಿ ಬೇರಿನ ಗಂಟಿನಲ್ಲಿ ಸಾರಜನಕ ಹಿಡಿದಿಡುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ರಂಜಕ, ಸುಣ್ಣದ ಅಂಶ ಹಾಗೆ ಗಾಳಿಯಿಂದ ಬರುವಂಥದ್ದಲ್ಲ. ಈಗ ಅದರ ಜಾಗಕ್ಕೆ ಜಿಪ್ಸಂ, ಗೊಬ್ಬರದ ಮೂಟೆ ಲಾರಿಯಲ್ಲಿ ಬರುತ್ತವೆ, ರೈತರ ಸಾಲದ ಪುಸ್ತಕದಲ್ಲಿ ಬರೆಸಿಕೊಂಡು. ಈ ಗೋಷ್ಠಿಯ ವಿಷಯ ನನಗೆ ಬರೀ ಪ್ಯಾಕಿಂಗ್ ಡಬ್ಬಿಯ ಮಾತಲ್ಲ ಅನ್ನಿಸುವುದು ಇದಕ್ಕೇ. ಇಲ್ಲಿ ನೆಲವೇ ವಾಪಸ್ ಬರದ ಸರಕು.

ಈಗ ನನಗೆ ಬಹಳ ಇಷ್ಟವಾದ ವಸ್ತುವಿಗೆ ಬರುತ್ತೇನೆ, ಸ್ವಲ್ಪ ಹೆಚ್ಚು ಹೊತ್ತು ಹಿಡಿದರೆ ಕ್ಷಮಿಸಿ. ಗೋಣಿಚೀಲ. ಮಂಡಿಯ ಭಾಷೆಯಲ್ಲಿ ಬಾರದಾನ.

ಗೋಣಿ ನಮ್ಮ ಪದ. ಇಂಗ್ಲಿಷಿನವರು ಗನ್ನಿ ಅಂದದ್ದು ಇದನ್ನೇ. ಬಂಗಾಳದ ಸೆಣಬು ಬರುವ ಮೊದಲು ಇಲ್ಲಿ ಚೀಲ ಮಾಡುತ್ತಿದ್ದದ್ದು ಅಪ್ಸೆಣಬಿನ ನಾರಿನಿಂದ, ತೆಲುಗಿನಲ್ಲಿ ಜನುಮು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಗೋಣಿ ನೇಯುವ, ಹೊಲೆಯುವ ಗೋಣಿಗರ ಉಲ್ಲೇಖ ಇದೆ. ಅಪ್ಸೆಣಬು ದ್ವಿದಳ ಜಾತಿಯ ಗಿಡ. ಹೂಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿದರೆ ಹಸಿರೆಲೆ ಗೊಬ್ಬರ, ಬೆಳೆಯಲು ಬಿಟ್ಟರೆ ನಾರು. ಚೀಲ ಹುಟ್ಟುವಾಗಲೇ ಹೊಲಕ್ಕೆ ಒಂದಿಷ್ಟು ಕೊಟ್ಟು ಹುಟ್ಟುತ್ತಿತ್ತು ಅನ್ನಿ.

1855ರಲ್ಲಿ ಕಲ್ಕತ್ತದ ಹತ್ತಿರ ರಿಶ್ರಾದಲ್ಲಿ ಮೊದಲ ಸೆಣಬಿನ ಗಿರಣಿ ಶುರುವಾಯಿತು. ಆಮೇಲಿನ ಕೆಲವೇ ದಶಕಗಳಲ್ಲಿ ಗಿರಣಿ ಚೀಲ ರೈಲು ಹತ್ತಿ ನಮ್ಮ ಮಂಡಿಗಳಿಗೆ ಬಂತು, ಊರ ಗೋಣಿಗರ ಕಸುಬು ಹೋಯಿತು. ಗಿರಣಿ ಚೀಲಕ್ಕೆ ಕಾಸು ಕೊಡಬೇಕು. ಹಾಗಾಗಿ ಅದು ಬಹಳ ಮರ್ಯಾದೆಯ ವಸ್ತುವಾಯಿತು. 1947ರಲ್ಲಿ ದೇಶ ಇಬ್ಭಾಗವಾದಾಗ ಗಿರಣಿಗಳು ಈ ಕಡೆ, ಸೆಣಬು ಬೆಳೆಯುವ ಹೊಲಗಳಲ್ಲಿ ಬಹುಪಾಲು ಆ ಕಡೆ ಉಳಿದವು. ಹೊಸ ಚೀಲ ಇನ್ನಷ್ಟು ತುಟ್ಟಿಯಾಯಿತು, ಹಳೆಯ ಚೀಲದ ವ್ಯಾಪಾರ ಇನ್ನಷ್ಟು ಬಲಿಯಿತು.

ಒಂದು ಚೀಲದ ಆಯಸ್ಸು ಹೀಗಿರ್ತಿತ್ತು. ಮೊದಲ ಸಲ ಸಕ್ಕರೆ ಅಥವಾ ಅಕ್ಕಿ. ಅದು ಖಾಲಿಯಾದ ಮೇಲೆ ಬಾರದಾನದ ಅಂಗಡಿಗೆ. ಅಲ್ಲಿ ಕೊಡವಿ, ಗಾತ್ರ ಮತ್ತು ತೂತು ನೋಡಿ ಬೇರೆಬೇರೆ ಮಾಡಿ, ದಬ್ಬಳ ಸುತಳಿ ಹಿಡಿದು ಹೊಲೆಯುವವರು ಹೆಚ್ಚಾಗಿ ಹೆಂಗಸರು. ಎರಡನೇ ಸಲ ಕಡಲೆಕಾಯಿ, ಮೂರನೇ ಸಲ ಹುಣಸೆಹಣ್ಣು. ಹುಣಸೆ ತುಂಬಿದ ಚೀಲಕ್ಕೆ ಅಂಟು, ಹುಳಿ ಹತ್ತುತ್ತದೆ, ಮತ್ತೆ ಧಾನ್ಯಕ್ಕೆ ಬಾರದು. ಆಮೇಲೆ ಇದ್ದಿಲು, ಕುರಿಹಿಕ್ಕೆ, ಕೊನೆಗೆ ಮಳೆಗೆ ತಲೆಯ ಮೇಲೆ ಕೊಪ್ಪೆ, ಬಾಗಿಲ ಮುಂದೆ ಕಾಲೊರಸು, ದನದ ಬೆನ್ನಿಗೆ ಚಳಿಯ ಹೊದಿಕೆ. ಅದು ಮಣ್ಣು ಸೇರುವ ಹೊತ್ತಿಗೆ ಚೀಲ ಅನ್ನೋ ಗುರುತೂ ಉಳಿದಿರುವುದಿಲ್ಲ.

ಇಷ್ಟು ಸುತ್ತು ಹೇಗೆ ಸಾಧ್ಯವಾಯಿತು? ಸೆಣಬು ಕೊಳೆಯುವ ವಸ್ತು, ಪರಿಸರಸ್ನೇಹಿ ಅಂತಲ್ಲ. ನೂರು ಖಾಲಿ ಚೀಲವನ್ನು ಮಡಚಿ ಕಟ್ಟಿದರೆ ಚಿಕ್ಕ ಜಾಗದಲ್ಲಿ ಬೆಲೆಯಿರುವ ಸರಕು ಆಗುತ್ತಿತ್ತು. ಬೆಂಗಳೂರಿಗೆ ಬೆಲ್ಲ ಇಳಿಸಿ ಹಿಂದೂಪುರಕ್ಕೆ ತಿರುಗುವ ಲಾರಿಗೆ, ಹಿಂದೂಪುರದಿಂದ ಹಳ್ಳಿಗೆ ತಿರುಗುವ ಗಾಡಿಗೆ ಅದು ಬಾಡಿಗೆ ಕೊಡುವ ಹೊರೆ. ಮಂಡಿಯವರು ರೈತರ ಲೆಕ್ಕದಲ್ಲಿ ಬಾರದಾನದ ಹಣ ಮುರಿದುಕೊಳ್ಳುತ್ತಿದ್ದರು, ತೂಕದಲ್ಲಿ ಚೀಲದ ತೂಕಕ್ಕಿಂತ ಒಂದಿಷ್ಟು ಜಾಸ್ತಿಯೇ ಕಳೆಯುತ್ತಿದ್ದರು. 1933ರ ಮದ್ರಾಸ್ ವಾಣಿಜ್ಯ ಬೆಳೆಗಳ ಮಾರುಕಟ್ಟೆ ಕಾಯಿದೆ ಬಂದದ್ದೇ ತೂಕ, ದಲ್ಲಾಳಿ, ಕಡಿತಗಳ ಇಂಥ ಜಗಳಕ್ಕೆ ಹದ್ದು ಹಾಕಲು, ಮತ್ತು ಅದರ ವ್ಯಾಪ್ತಿಯ ಬೆಳೆಗಳಲ್ಲಿ ಕಡಲೆಕಾಯಿಯೂ ಒಂದು. ಚೀಲ ಸುತ್ತುತ್ತಿತ್ತು ನಿಜ. ಆ ಸುತ್ತಿನ ಖರ್ಚು ಹೊತ್ತವನು ಬಹುಪಾಲು ಚೀಲ ತುಂಬಿ ತಂದ ರೈತ. ನಮ್ಮ ಸಾಗಣೆ ಕಂಪನಿಗಳ ಕಾಗದಪತ್ರಗಳಲ್ಲಿ ಈ ಭಾಗ ಕಾಣುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಪ್ಲಾಸ್ಟಿಕ್ ನೇಯ್ಗೆಯ ಚೀಲ ಬಂದಾಗ ಸರ್ಕಾರ 1987ರಲ್ಲಿ ಸೆಣಬಿನ ಪ್ಯಾಕಿಂಗ್ ಕಡ್ಡಾಯ ಮಾಡುವ ಕಾಯಿದೆ ತಂದಿತು. ಧಾನ್ಯ, ಸಕ್ಕರೆಯಲ್ಲಿ ಸೆಣಬು ಒಂದಿಷ್ಟು ಉಳಿದದ್ದು ಅದರಿಂದ. ಗೊಬ್ಬರ, ಸಿಮೆಂಟು, ಪಶು ಆಹಾರದಲ್ಲಿ ಪ್ಲಾಸ್ಟಿಕ್ ಗೆದ್ದಿತು. ಯೂರಿಯಾ ಚೀಲವನ್ನೂ ನಮ್ಮ ಜನ ಬಿಸಾಡಲಿಲ್ಲ. ಬಿಚ್ಚಿ ಹೊಲೆದು ಕಣಕ್ಕೆ ತಾಟು ಮಾಡಿಕೊಂಡರು, ಬಚ್ಚಲಿಗೆ ಮರೆ ಕಟ್ಟಿದರು. ಆದರೆ ಅದು ಪೇಟೆಗೆ ತಿರುಗಿ ಹೋಗಲಿಲ್ಲ. ಖಾಲಿ ಚೀಲದ ಬೆಲೆ ಅದನ್ನು ವಾಪಸ್ ಸಾಗಿಸುವ ಬಾಡಿಗೆಗಿಂತ ಕೆಳಗೆ ಇಳಿದಿತ್ತು. ದಬ್ಬಳದ ಹೆಂಗಸರಿಗೆ ಕೆಲಸ ಹೋದದ್ದು ಆಗ.

ಹುಣಸೆಯ ಮಾತು ಬಂತಲ್ಲ, ಅದರ ಬೀಜದ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಣ್ಣು ಬಿಡಿಸಿ ಬೀಜ ತೆಗೆಯುವುದು ಹಿಂದೂಪುರದ ಸುತ್ತ ಮನೆಮನೆಯ ಕೂಲಿ ಕೆಲಸ. ಬೀಜ ಒಂದು ಕಾಲಕ್ಕೆ ಹೆಚ್ಚಿನಂಶ ಕಸ. ಎರಡನೇ ಮಹಾಯುದ್ಧದ ಹೊತ್ತಿಗೆ ಬಟ್ಟೆ ಗಿರಣಿಗಳಿಗೆ ನೂಲಿಗೆ ಹಾಕುವ ಗಂಜಿಯ ಪಿಷ್ಟ ಸಾಲದಾದಾಗ, ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹುಣಸೆಬೀಜದ ಹಿಟ್ಟು ಆ ಕೆಲಸಕ್ಕೆ ಬರುತ್ತದೆ ಅಂತ ತೋರಿಸಿದರು. ಹತ್ತಿ ಗಿರಣಿಯಲ್ಲೂ ಸೆಣಬಿನ ಗಿರಣಿಯಲ್ಲೂ ಅದನ್ನು ಬಳಸಿದರು. ಹುಣಸೆಯನ್ನು ಗೋಣಿಯಲ್ಲಿ ತುಂಬುತ್ತಾರೆ, ಹುಣಸೆಬೀಜ ಗೋಣಿಯ ನೂಲಿಗೇ ಗಂಜಿಯಾಗುತ್ತದೆ. ಇದನ್ನು ಯಾರೂ ಯೋಜನೆ ಹಾಕಿ ಮಾಡಲಿಲ್ಲ. ಬೀಜಕ್ಕೆ ಒಂದು ಬೆಲೆ ಬಂತು, ಲಾರಿಗೆ ಒಂದು ಹೊರೆ ಸಿಕ್ಕಿತು.

ಇಲ್ಲಿಯವರೆಗೆ ಸುತ್ತು ಒಳ್ಳೆಯದು ಅನ್ನುವ ಧಾಟಿಯಲ್ಲೇ ಮಾತಾಡಿದೆ. ರೇಷ್ಮೆಯ ವಿಷಯ ಬಂದಾಗ ಈ ಧಾಟಿ ಬದಲಿಸಬೇಕಾಗುತ್ತದೆ.

ಹಿಂದೂಪುರ ಆಂಧ್ರದ ಮುಖ್ಯ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಒಂದು. ಇಲ್ಲಿನ ರೈತರಿಗೆ ಗಡಿಯಾಚೆ ಶಿಡ್ಲಘಟ್ಟ, ರಾಮನಗರಗಳೂ ದೂರವಲ್ಲ. ರೇಷ್ಮೆಯಲ್ಲಿ ಕಸ ಅನ್ನುವುದೇ ಕಡಿಮೆ. ಹುಳ ತಿಂದು ಬಿಟ್ಟ ಸೊಪ್ಪು ಕಡ್ಡಿ ದನಕ್ಕೆ, ಹಿಕ್ಕೆ ಹಿಪ್ಪುನೇರಳೆ ತೋಟಕ್ಕೆ, ನೂಲು ಬಿಚ್ಚಿದ ಮೇಲೆ ಉಳಿಯುವ ಕೋಶ ಎಣ್ಣೆಗೆ, ಕೋಳಿ ಮತ್ತು ಮೀನಿನ ಆಹಾರಕ್ಕೆ. ಬಿಚ್ಚಲಾಗದ ಚೂರು ರೇಷ್ಮೆಯನ್ನು ಮತ್ತೆ ನೂಲುವುದಕ್ಕೆ ಅಂತಲೇ 1930ರ ದಶಕದಲ್ಲಿ ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಗಿರಣಿ ಆಯಿತು.

ಸಾಗಣೆಯ ದೃಷ್ಟಿಯಿಂದ ಇವೆಲ್ಲಕ್ಕಿಂತ ಕುತೂಹಲದ ವಸ್ತು ಚಂದ್ರಿಕೆ. ನೋಡದವರಿಗೆ ಹೇಳುತ್ತೇನೆ: ಸುಮಾರು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಬಿದಿರಿನ ಚಾಪೆ, ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿರುತ್ತಾರೆ. ಹಣ್ಣಾದ ಹುಳುವನ್ನು ಆ ಸುರುಳಿಯ ಸಂದಿಗೆ ಬಿಟ್ಟರೆ ಅಲ್ಲಿ ಗೂಡು ಕಟ್ಟುತ್ತದೆ. ಒಂದು ಬೆಳೆಯಲ್ಲಿ ಚಂದ್ರಿಕೆಯ ಕೆಲಸ ನಾಲ್ಕೈದು ದಿನ ಮಾತ್ರ. ಉಳಿದ ದಿನ ಸುಮ್ಮನೆ ಜಾಗ ತಿನ್ನುತ್ತದೆ. ಅದಕ್ಕೆ ಎಷ್ಟೋ ರೈತರು ಸ್ವಂತ ಕೊಳ್ಳುವುದಿಲ್ಲ, ಬಾಡಿಗೆಗೆ ತರುತ್ತಾರೆ. ಗಾಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಬಸ್ಸಿನ ಟಾಪಿನ ಮೇಲೆ ಚಂದ್ರಿಕೆ ಊರಿಂದೂರಿಗೆ ತಿರುಗುತ್ತದೆ. ಇವತ್ತಿನ ಪುಸ್ತಕಗಳಲ್ಲಿ 'ಮಾಲೀಕತ್ವದ ಬದಲು ಬಳಕೆ' ಅಂತ ಏನು ಬರೆಯುತ್ತಾರೋ ಅದು ಇಲ್ಲಿ ಯಾವ ಆ್ಯಪ್ ಇಲ್ಲದೆ ನಡೆದಿದೆ.

ಚಂದ್ರಿಕೆಯ ಜೊತೆ ರೋಗವೂ ತಿರುಗುತ್ತದೆ. ಸುಣ್ಣಕಟ್ಟು ರೋಗದ ಬೀಜಾಣು ಬಿದಿರಿನ ಸಂದಿಯಲ್ಲಿ ಕೂತುಬಿಟ್ಟರೆ ಮುಂದಿನ ಮನೆಯ ಹುಳಕ್ಕೂ ಹತ್ತುತ್ತದೆ. ರೇಷ್ಮೆ ಇಲಾಖೆಯವರು ಬಾಡಿಗೆ ಚಂದ್ರಿಕೆಯನ್ನು ಬಿಸಿಲಿಗೆ ಹಾಕಿ, ಬೆಂಕಿಯ ಜ್ವಾಲೆ ಆಡಿಸಿ, ಸೋಂಕುನಿವಾರಕ ಹೊಡೆದು ಬಳಸಿ ಅಂತ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಪ್ರಶ್ನೆ ಮತ್ತೆ ಅದೇ: ತೊಳೆಯುವ ಖರ್ಚು ಯಾರದು? ಬಾಡಿಗೆಗೆ ಕೊಡುವವನಿಗೆ ಈ ಮನೆಯಿಂದ ಇಳಿಸಿ ನೇರ ಆ ಮನೆಗೆ ಹಾಕಿದರೆ ಒಂದು ಸಾಗಣೆ ಉಳಿಯುತ್ತದೆ. ತೊಳೆಯುವ ಜಾಗಕ್ಕೆ ತಂದು ಮತ್ತೆ ಕಳಿಸಿದರೆ ಎರಡು ಸಾಗಣೆ.

ಇದರ ದೊಡ್ಡ ರೂಪ 1980ರಲ್ಲಿ ಕಂಡಿತು. ಊಜಿ ನೊಣ ಅಲ್ಲಿಯವರೆಗೆ ಕರ್ನಾಟಕದಲ್ಲಿ ಇರಲಿಲ್ಲ. ಪಶ್ಚಿಮ ಬಂಗಾಳದಿಂದ ಸಾಗಿಸಿದ ರೇಷ್ಮೆಗೂಡಿನ ಜೊತೆ ಅದು ಬಂತು. ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಹೊಕ್ಕು ತಿನ್ನುತ್ತದೆ. ಹುಳ ಅಷ್ಟರಲ್ಲಿ ಗೂಡು ಕಟ್ಟಿದ್ದರೆ ಗೂಡಿಗೇ ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ಹೊರಬಿದ್ದ ಮರಿ ನೆಲದ ಬಿರುಕಿನಲ್ಲೋ ಮಾರುಕಟ್ಟೆಯ ಮೂಲೆಯಲ್ಲೋ ಕೋಶವಾಗಿ ಮತ್ತೆ ನೊಣವಾಗುತ್ತದೆ. ಗೂಡಿನ ಮೂಟೆ ಹೋದಲ್ಲೆಲ್ಲ ಅದೂ ಹೋಯಿತು. ರೇಷ್ಮೆಮನೆಗೆ ಸೊಳ್ಳೆಪರದೆ ಕಟ್ಟುವುದು ಈಗ ಮಾಮೂಲಿ ಖರ್ಚು. ಆ ಮೂಟೆಗಳನ್ನು ಸಾಗಿಸಿದವರು ಯಾರೂ ಅದರ ಒಂದು ರೂಪಾಯಿ ಹೊರಲಿಲ್ಲ. ನಾನು ಇದನ್ನು ದೂರಾಗಿ ಹೇಳುತ್ತಿಲ್ಲ. ವಸ್ತು ಸುತ್ತಬೇಕು ಅಂತ ವಾದಿಸುವವರು ಸುತ್ತಿನಲ್ಲಿ ಎಲ್ಲಿ ನಿಂತು ತೊಳೆಯಬೇಕು ಅನ್ನೋದನ್ನೂ ಅದೇ ಉಸಿರಿನಲ್ಲಿ ಹೇಳಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಮತ್ತೆ ಕಲ್ಯಾಣದುರ್ಗಕ್ಕೆ ಹೋಗೋಣ. ರೈಲಿಲ್ಲದ ಆ ಕಡೆ ಏನು ಉಳಿಯಿತು? ಕುರಿ. ಕಲ್ಯಾಣದುರ್ಗ, ರಾಯದುರ್ಗ, ಗಡಿಯಾಚೆಯ ಚಳ್ಳಕೆರೆ ಎಲ್ಲ ಸೇರಿ ಕಂಬಳಿಯ ಸೀಮೆ. ಸುಗ್ಗಿ ಮುಗಿದ ಹೊಲದಲ್ಲಿ ಕುರುಬರು ಮಂದೆ ಹಾಕುತ್ತಾರೆ. ಹಗಲು ಕುರಿ ಕೂಳೆ ಮೇಯುತ್ತದೆ, ರಾತ್ರಿ ಅಲ್ಲೇ ಹಿಕ್ಕೆ ಉದುರಿಸುತ್ತದೆ. ಎಷ್ಟು ಕುರಿ, ಎಷ್ಟು ರಾತ್ರಿ ಅನ್ನುವುದರ ಮೇಲೆ ರೈತ ಕಾಳೋ ದುಡ್ಡೋ ಕೊಡುತ್ತಾನೆ. ಗೊಬ್ಬರ ತನ್ನ ಕಾಲಲ್ಲಿ ತಾನೇ ನಡೆದು ಬರುವಾಗ ಖಾಲಿ ಗಾಡಿಯ ಸಮಸ್ಯೆಯೇ ಹುಟ್ಟುವುದಿಲ್ಲ. ಕುರುಬನಿಗೆ ಮೇವು, ರೈತನಿಗೆ ಗೊಬ್ಬರ. ಹೋಗುವ ದಾರಿಗೂ ಬರುವ ದಾರಿಗೂ ಸಂಬಳ ಇದೆ. ಕೆರೆಗೋಡು ಹೊಲಕ್ಕೆ ಹೊಡೆಯುವುದೂ ಹೀಗೇ ನಿಂತಿದ್ದದ್ದು, ಬೇಸಿಗೆಯಲ್ಲಿ ಎತ್ತಿಗೂ ಗಾಡಿಗೂ ಬೇರೆ ಕೆಲಸ ಇರದ ತಿಂಗಳಲ್ಲಿ. ಟ್ರ್ಯಾಕ್ಟರ್ ಬಂದಾಗ ಅದು ಗಂಟೆ ಲೆಕ್ಕದ ಬಾಡಿಗೆಯಾಯಿತು, ಗೋಡು ಹತ್ತಿರದ ಹೊಲಕ್ಕೆ ಮಾತ್ರ ಗಿಟ್ಟುವಂತಾಯಿತು.

ಹಾಗಾದರೆ ಲಾರಿ ಯುಗದಲ್ಲಿ ಸುತ್ತುಗಳೇ ಇಲ್ಲವೇ? ಇವೆ. ಲಾರಿಯ ಸವೆದ ಟೈರು ರೀಟ್ರೆಡ್ ಆಗುತ್ತದೆ, ಅದಕ್ಕೂ ಬಾರದಾಗ ಎತ್ತಿನ ಗಾಡಿಗೆ ಚಕ್ರವಾಗುತ್ತದೆ, ಆಮೇಲೆ ಚಪ್ಪಲಿಯ ಅಟ್ಟೆ. ಟೊಮೆಟೊ ಕ್ರೇಟು ಇನ್ನೂ ಚೆನ್ನಾದ ಉದಾಹರಣೆ. ಕಲ್ಯಾಣದುರ್ಗದ ಕಡೆಯ ಟೊಮೆಟೊ ಅನಂತಪುರಕ್ಕೆ, ಮದನಪಲ್ಲಿಗೆ, ಕೋಲಾರಕ್ಕೆ ಹೋಗುತ್ತದೆ. ಹಿಂದೆ ಬುಟ್ಟಿ, ಮರದ ಪೆಟ್ಟಿಗೆ ಇದ್ದವು, ಈಗ ಬಣ್ಣಬಣ್ಣದ ಪ್ಲಾಸ್ಟಿಕ್ ಕ್ರೇಟು, ಮೈಮೇಲೆ ಮಂಡಿಯ ಹೆಸರು. ಪ್ಲಾಸ್ಟಿಕ್ಕೇ ಆದರೂ ಇದು ಯೂರಿಯಾ ಚೀಲದ ಹಾಗೆ ಒಂದೇ ಕಡೆ ಉಳಿಯಲಿಲ್ಲ, ನೂರಾರು ಸಲ ತಿರುಗಿತು. ಯಾಕೆ? ಅದಕ್ಕೊಬ್ಬ ಮಾಲೀಕ ಇದ್ದಾನೆ, ಕಳೆದರೆ ದುಡ್ಡು ಕಟ್ಟಬೇಕು, ಮತ್ತು ಖಾಲಿ ಕ್ರೇಟು ತರುವ ಗಾಡಿಯೇ ನಾಳೆ ತುಂಬಿದ ಕ್ರೇಟು ಒಯ್ಯುತ್ತದೆ. ಇದಕ್ಕೊಂದು ಇನ್ನೊಂದು ಮುಖವೂ ಇದೆ. ಯಾವ ಮಂಡಿಯ ಕ್ರೇಟು ಮನೆಯಲ್ಲಿದೆಯೋ ಆ ಮಂಡಿಗೇ ಮಾಲು ಹಾಕಬೇಕು. ಬೇರೆ ಕಡೆ ಹತ್ತು ರೂಪಾಯಿ ಜಾಸ್ತಿ ಸಿಗುತ್ತೆ ಅಂತ ಗೊತ್ತಿದ್ದರೂ ಕ್ರೇಟಿನ ಬಣ್ಣ ಬಿಡುವುದಿಲ್ಲ. ಖಾಲಿ ಡಬ್ಬಿ ಯಾರದೋ ಅವರ ಮಾತು ನಡೆಯುತ್ತದೆ. ಬಾರದಾನದಲ್ಲಿ ನೋಡಿದ್ದೂ ಇದೇ.

ಹಿಂದೂಪುರ–ಅನಂತಪುರದ ನಡುವೆ ಪೆನುಕೊಂಡದ ಹತ್ತಿರ 2019ರಲ್ಲಿ ಕಿಯಾ ಕಾರಿನ ಕಾರ್ಖಾನೆ ಶುರುವಾಯಿತು. ಕಾರು ತಯಾರಿಕೆಯಲ್ಲಿ ಬಿಡಿಭಾಗಗಳು ವಾಪಸ್ ಕಳಿಸಬಹುದಾದ ಟ್ರೇ, ಕಬ್ಬಿಣದ ರ‍್ಯಾಕುಗಳಲ್ಲಿ ಬಂದು, ಖಾಲಿ ರ‍್ಯಾಕು ಅದೇ ಲಾರಿಯಲ್ಲಿ ಹಿಂದಿರುಗುವುದು ಎಲ್ಲ ಕಡೆ ಇರುವ ಪದ್ಧತಿ. ಅಲ್ಲಿ ವಾಪಸ್ ಬಾಡಿಗೆ ಮೊದಲ ದಿನದ ಒಪ್ಪಂದದಲ್ಲೇ ಬರೆದಿರುತ್ತದೆ. ಅದೇ ಹೆದ್ದಾರಿಯ ಆಜುಬಾಜು ಹಳ್ಳಿಯ ಗೊಬ್ಬರದ ಚೀಲ, ಕೀಟನಾಶಕದ ಬಾಟಲಿ, ಹನಿ ನೀರಾವರಿಯ ಹಳೆಯ ಪೈಪು ಬೇಲಿ ಮೂಲೆಯಲ್ಲಿ ಬಿದ್ದಿರುತ್ತವೆ. ತಂತ್ರಜ್ಞಾನದ ಕೊರತೆ ಅಂತ ಹೇಳುವಂತಿಲ್ಲ.

ಕಾಯಿದೆಗಳೂ ಬಂದಿವೆ. ಹಳೆಯ ಬ್ಯಾಟರಿ ವಾಪಸ್ ತೆಗೆದುಕೊಳ್ಳಬೇಕು ಅನ್ನುವ ನಿಯಮ 2001ರಲ್ಲೇ ಬಂತು, 2022ರಲ್ಲಿ ಹೊಸ ರೂಪ ಪಡೆಯಿತು. ಪ್ಲಾಸ್ಟಿಕ್ ಪ್ಯಾಕಿಂಗ್, ಟೈರುಗಳಿಗೂ ಅದೇ ವರ್ಷ ಉತ್ಪಾದಕರ ಹೊಣೆಯ ನಿಯಮ ಬಂತು. 2017ರಲ್ಲಿ ಜಿಎಸ್‌ಟಿ ಬಂದಾಗ ಗಡಿಯ ಚೆಕ್‌ಪೋಸ್ಟುಗಳು ಎದ್ದುಹೋದವು, 2018ರಿಂದ ಇ–ವೇ ಬಿಲ್. ಒಂದೇ ಪ್ರಯಾಣದಲ್ಲಿ ಗಡಿ ಎರಡು ಸಲ ದಾಟುವ ನಮ್ಮ ಲಾರಿಗಳಿಗೆ ಇದು ಸಣ್ಣ ನೆಮ್ಮದಿಯಲ್ಲ. ಈ ಎಲ್ಲ ನಿಯಮಗಳೂ ವಸ್ತು ತಯಾರಿಸಿದವನ ಮೇಲೆ ಹೊಣೆ ಹಾಕುತ್ತವೆ. ಹೊತ್ತು ತರುವವನ ಬಾಡಿಗೆ ಹಳ್ಳಿಯ ಮಟ್ಟದಲ್ಲಿ ಯಾರ ಕೈಯಿಂದ ಬರಬೇಕು ಅನ್ನುವುದನ್ನು ಕಂಪನಿಗಳ ನಡುವಿನ ಚೌಕಾಸಿಗೆ ಬಿಡುತ್ತವೆ. ನನ್ನ ಇಡೀ ಮಾತು ಆ ಬಿಟ್ಟ ಜಾಗದ ಬಗ್ಗೆ.

ಚಾಟ್‌ನಲ್ಲಿ ಎರಡು ಪ್ರಶ್ನೆ ಬಂದಿವೆ, ಸಮಯ ಇದೆ ಅಂತ ಕಾಣುತ್ತೆ, ಉತ್ತರಿಸುತ್ತೇನೆ.

ಮೊದಲನೆಯದು: "ಸಾಗಣೆ ಕಂಪನಿಗೆ ನೀವು ಒಂದೇ ಒಂದು ಸಲಹೆ ಕೊಡುವುದಾದರೆ ಏನು?" ದರಪಟ್ಟಿಯಲ್ಲಿ ಹೋಗುವ ಬಾಡಿಗೆಯ ಪಕ್ಕದಲ್ಲೇ ವಾಪಸ್ ಬಾಡಿಗೆಯನ್ನೂ ಮುದ್ರಿಸಿ ಅಂತ ಹೇಳುತ್ತೇನೆ. ಗೊಬ್ಬರದ ಮೂಟೆ ಇಳಿಸಿದ ಲಾರಿ ಖಾಲಿ ಚೀಲದ ಕಟ್ಟು ಹೊತ್ತು ತಂದರೆ ಎಷ್ಟು, ಅದನ್ನು ಕೊಡುವವರು ಗೊಬ್ಬರದ ಕಂಪನಿಯೋ ಅಂಗಡಿಯವರೋ ಅಂತ ಮೊದಲೇ ಗೊತ್ತಿರಲಿ. ರೈತನ ಲೆಕ್ಕದಲ್ಲಿ ಮುರಿಯದಿರಲಿ. ಮತ್ತೆ, ಪ್ರತಿ ತಾಲ್ಲೂಕಿನಲ್ಲೂ ಹಳೆಯ ಬಾರದಾನದ ಅಂಗಡಿಯವರು, ಗುಜರಿಯವರು ಇನ್ನೂ ಇದ್ದಾರೆ. ಯಾವ ಚೀಲ ಯಾವುದಕ್ಕೆ ಬರುತ್ತೆ ಅನ್ನೋದು ಅವರ ಬೆರಳಿಗೆ ಗೊತ್ತು. ಹೊಸ ಗೋದಾಮು ಕಟ್ಟಿ ಅವರನ್ನು ಎಬ್ಬಿಸುವ ಬದಲು ಅವರ ಅಂಗಡಿಯನ್ನೇ ವಿಂಗಡಣೆಯ ಜಾಗ ಮಾಡಿಕೊಳ್ಳಬಹುದು. ಒಂದೇ ಸಲಹೆ ಅಂದಿರಿ, ಎರಡಾಯಿತು.

ಎರಡನೆಯದು ಪಾವಗಡದವರೊಬ್ಬರ ಪ್ರಶ್ನೆ: "ರಾಯದುರ್ಗ–ತುಮಕೂರು ರೈಲು ಮಾರ್ಗ ಪೂರ್ತಿಯಾದರೆ ಈ ಕಥೆ ಬದಲಾಗುತ್ತಾ ಸರ್?" ಆ ಮಾರ್ಗ ರಾಯದುರ್ಗದ ಕಡೆಯಿಂದ ಕಲ್ಯಾಣದುರ್ಗ ದಾಟಿ ಬಂದಾಗಿದೆ, ಪಾವಗಡ, ಮಧುಗಿರಿಯ ಮೇಲೆ ತುಮಕೂರು ಸೇರಬೇಕು. ಹಿಂದೂಪುರಕ್ಕೆ ರೈಲು ಬಂದು ಒಂದೂಕಾಲು ಶತಮಾನ ಕಳೆದ ಮೇಲೆ ಕಲ್ಯಾಣದುರ್ಗಕ್ಕೆ ಆ ಅವಕಾಶ ಬಂದಿದೆ. ಹಿಂದೂಪುರದಲ್ಲಿ ಆಗ ಗೂಡ್ಸ್ ಷೆಡ್ ಕಟ್ಟಿದವರು ಹೊರಗೆ ಹೋಗುವ ಸರಕಿನ ಲೆಕ್ಕ ಮಾತ್ರ ಹಾಕಿದರು. ಇಲ್ಲಿ ಗೂಡ್ಸ್ ಷೆಡ್‌ನ ನಕ್ಷೆ ಬರೆಯುವಾಗಲೇ ಹಿಂಡಿಯ ಮೂಟೆ ಇಳಿಸುವ ಜಾಗ, ಖಾಲಿ ಕ್ರೇಟು ಜೋಡಿಸುವ ಜಾಗ, ತೊಳೆಯುವ ನೀರಿನ ತೊಟ್ಟಿ ಮತ್ತು ಆ ನೀರು ಎಲ್ಲಿಗೆ ಹರಿಯಬೇಕು, ಇಷ್ಟನ್ನು ಗುರುತು ಹಾಕಿಸಬಹುದು. ತುಮಕೂರಿನ ಎಣ್ಣೆ ಮಿಲ್ಲಿಗೆ ಕಡಲೆಕಾಯಿ ಇಳಿಸಿ ಹಿಂತಿರುಗುವ ವ್ಯಾಗನ್ನಿಗೆ ಹಿಂಡಿಯ ದರ ಎಷ್ಟು ಅಂತ ನಿಮ್ಮ ಕಡೆಯ ರೈತ ಸಂಘದವರು ರೈಲ್ವೆಗೆ ಈಗಲೇ ಒಂದು ಅರ್ಜಿ ಕೊಡಲಿ. ಉತ್ತರ ಬಂದರೆ ನನಗೂ ಒಂದು ಪ್ರತಿ ಕಳಿಸಿ.